ಕೆಂಪು ಚುಕ್ಕೆಯ ಮುಚ್ಚಳ

ಡಬ್ಬಿ ಹಗುರವಾಗಿತ್ತು. ಮೇಜಿನಿಂದ ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಇಲ್ಲದ ಮೆಟ್ಟಿಲನ್ನು ಹತ್ತಲು ಹೋದ ಕಾಲಿನ ಹಾಗೆ ಕೈ ಎಣಿಸಿದ್ದಕ್ಕಿಂತ ತುಸು ಮೇಲಕ್ಕೇ ಹೋಗಿತ್ತು. ಮುಚ್ಚಳದ ಮೇಲೆ ಕೆಂಪು ಚುಕ್ಕೆ ಇತ್ತು. ಉಗುರುಬಣ್ಣದಿಂದ ಅವಳೇ ಇಟ್ಟದ್ದು. ಚುಕ್ಕೆ ಇರುವುದು ದುಬಾರಿ ಗ್ರೀಸ್, ಆಕ್ಸಿಜನ್ ಎಷ್ಟೇ ಒತ್ತಡದಲ್ಲಿ ನುಗ್ಗಿದರೂ ಹೊತ್ತಿಕೊಳ್ಳದ್ದು. ಚುಕ್ಕೆ ಇಲ್ಲದ್ದು ಅಗ್ಗದ್ದು, ಕುಡಿಯುವ ನೀರಿನ ನಲ್ಲಿಗಳಿಗೆ ಹಚ್ಚುವ ಸಿಲಿಕೋನ್ ಗ್ರೀಸ್. ಎರಡೂ ಬಿಳಿ, ಎರಡಕ್ಕೂ ವಾಸನೆಯಿಲ್ಲ, ಎರಡೂ ಬೆರಳಿಗೆ ಬೆಣ್ಣೆಯಂತೆ. ಆದರೆ ದುಬಾರಿಯದಕ್ಕೆ ತೂಕ ಹೆಚ್ಚು. ಇಷ್ಟು ಸಣ್ಣ ಡಬ್ಬಿಯಲ್ಲಿ ಇಷ್ಟು ಭಾರ ಹೇಗೆ ಅಡಗಿ ಕೂತಿದೆ ಎಂದು ಮೊದಲ ಸಲ ಹಿಡಿದವರು ಬೆಚ್ಚಿ ಬೀಳಬೇಕು, ಅಷ್ಟು. ಅವಳು ಇನ್ನೊಂದು ಡಬ್ಬಿಯನ್ನು, ಚುಕ್ಕೆಯಿಲ್ಲದ್ದನ್ನು, ಎಡಗೈಯಲ್ಲಿ ಎತ್ತಿದಳು. ಕೈ ಕೆಳಕ್ಕೆ ಜಗ್ಗಿತು.

ಹೊರಗಿನ ಅಂಗಡಿಯಲ್ಲಿ ಸೋದರಮಾವ ಯಾರಿಗೋ ಈಜುಗನ್ನಡಕ ತೋರಿಸುತ್ತಿದ್ದ. ಈ ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ರೆಗ್ಯುಲೇಟರುಗಳು ನೇತಾಡುತ್ತಿದ್ದವು. ಮುಳುಗುವವರ ಬೆನ್ನಿನ ಸಿಲಿಂಡರಿನಿಂದ ಬಾಯಿಗೆ ಗಾಳಿ ತಂದುಕೊಡುವ ಸಾಧನಗಳು, ಕಪ್ಪು ಕೊಳವೆಯ ತುದಿಗೆ ರಬ್ಬರಿನ ಬಾಯಿ. ಅವುಗಳನ್ನು ಬಿಚ್ಚಿ, ತೊಳೆದು, ಒಳಗಿನ ರಬ್ಬರ್ ಉಂಗುರಗಳಿಗೆ ಗ್ರೀಸ್ ಸವರಿ ಮತ್ತೆ ಜೋಡಿಸುವುದು ಅವಳ ಕೆಲಸ. ಎಲ್ಲ ಬಾಯಿಗಳೂ ಅರ್ಧ ತೆರೆದುಕೊಂಡಿದ್ದವು. ಎಂದೂ ಅವುಗಳನ್ನು ಗಮನಿಸದವಳಿಗೆ ಇವತ್ತು, ತಾನು ಬರುವ ತನಕ ಅವು ಏನೋ ಮಾತಾಡಿಕೊಳ್ಳುತ್ತಿದ್ದು ಈಗಷ್ಟೇ ನಿಲ್ಲಿಸಿದಂತೆ ಕಂಡಿತು.

ಗಾಜಿನ ಲೋಟದಲ್ಲಿ ನೀರು ತಂದಳು. ಕೆಂಪು ಚುಕ್ಕೆಯ ಡಬ್ಬಿಯಿಂದ ಹತ್ತಿಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ನೀರಿಗೆ ಬಿಟ್ಟಳು. ತೇಲಿತು. ಬೇರೆ ಕಡ್ಡಿಯಿಂದ ಇನ್ನೊಂದರದ್ದನ್ನು ಬಿಟ್ಟಳು. ಅದು ಅತ್ತಿತ್ತ ತಿರುಗದೆ, ಬಂದ ಕೆಲಸ ಗೊತ್ತಿದ್ದವರ ಹಾಗೆ, ನೇರ ತಳಕ್ಕೆ ಹೋಗಿ ಕೂತಿತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಮುಚ್ಚಳಗಳು ಅದಲುಬದಲಾಗಿದ್ದವು.

ನಿನ್ನೆ ಮುಚ್ಚಳಗಳನ್ನು ತೊಳೆದದ್ದು ನೆನಪಿದೆ. ಬಿಸಿ ಸೋಪಿನ ನೀರು, ಅಂಗೈಯಲ್ಲಿ ಒಂದರ ಮೇಲೊಂದು ಎರಡು ಮುಚ್ಚಳ, ಹೊರಗಿನಿಂದ ಬರುತ್ತಿದ್ದ ನಗು. ಅಕ್ಕನ ಆಕ್ಸಿಜನ್ ರೆಗ್ಯುಲೇಟರಿಗೆ ಗ್ರೀಸ್ ಹಚ್ಚಿದ್ದೂ ನೆನಪಿದೆ. ಪ್ರತಿ ಉಂಗುರವೂ ದೀಪದ ಕೆಳಗೆ ಹೊಳೆದದ್ದು, ಎಷ್ಟು ಬೇಕೋ ಅಷ್ಟೇ, ಕಂಡೂ ಕಾಣದಷ್ಟು ತೆಳ್ಳಗೆ. ಯಾವುದು ಮೊದಲು, ಯಾವುದು ಆಮೇಲೆ, ಅದು ಮಾತ್ರ ನೆನಪಿಲ್ಲ. ಎರಡು ನೆನಪುಗಳನ್ನೂ ಹಿಡಿದು ಅಲುಗಿಸಿದಳು. ಅವು ಮುಂದೆ ಹಿಂದೆ ಸರಿದವೇ ಹೊರತು ಸಾಲಿನಲ್ಲಿ ನಿಲ್ಲಲಿಲ್ಲ. ತೊಳೆಯುವ ಮೊದಲೇ ಹಚ್ಚಿದ್ದರೆ ಸರಿ. ಆಮೇಲೆ ಹಚ್ಚಿದ್ದರೆ, ಅಕ್ಕ ಇವತ್ತು ಬೆಳಿಗ್ಗೆ ಕಲ್ಲುಗಣಿಯ ನೀರಿಗಿಳಿಯಲು ತೆಗೆದುಕೊಂಡು ಹೋದ ರೆಗ್ಯುಲೇಟರಿನೊಳಗೆ ನಲ್ಲಿಯ ಗ್ರೀಸ್ ಇದೆ. ಮಾಮೂಲಿ ಗಾಳಿಗಾದರೆ ಅದೇನೂ ದೊಡ್ಡದಲ್ಲ. ಆಕ್ಸಿಜನ್ನಿಗೆ ಹಾಗಲ್ಲ. ವಾಲ್ವ್ ತಿರುಗಿಸಿದ ಕೂಡಲೇ ಅದು ನುಗ್ಗಿ ಬರುತ್ತದೆ, ಆ ರಭಸಕ್ಕೆ ಕೊಳವೆ ಬಿಸಿಯಾಗುತ್ತದೆ, ಒಳಗೆ ಒಂದಿಷ್ಟು ತಪ್ಪು ಜಿಡ್ಡಿದ್ದರೆ ಸಾಕು. ಅನೇಕ ಸಲ ಏನೂ ಆಗುವುದಿಲ್ಲ. ಆಗುವ ಸಲ ಲೋಹವೇ ಉರಿಯುತ್ತದೆ, ನೀರಿನ ಒಳಗೇ, ಬಾಯಿಯ ಹತ್ತಿರ.

ಅಗ್ಗದ ಗ್ರೀಸನ್ನು ಈ ಕೋಣೆಗೆ ತಂದವಳೂ ಅವಳೇ. "ಇದೊಂದು ಟ್ಯೂಬಿನ ಬೆಲೆಗೆ ನಮ್ಮ ಮನೆಯ ಅಡುಗೆಗೆ ಒಂದು ತಿಂಗಳ ಎಣ್ಣೆ ಬರುತ್ತೆ ಕಣೇ," ಎಂದು ಮಾವ ದುಬಾರಿಯದನ್ನು ಹಿಡಿದು ಗೊಣಗಿದ್ದ. "ಮಾಮೂಲಿ ಗಾಳಿಯವಕ್ಕೂ ಇದನ್ನೇ ಬಳಿದ್ರೆ ಹೇಗೆ? ಅಗ್ಗದ್ದು ಯಾವುದಾದ್ರೂ ಹುಡುಕು. ಆದ್ರೆ ಯಾರೂ ಸಾಯಬಾರ್ದು ನೋಡು. ಸತ್ತೋರು ತಿರುಗಿ ಅಂಗಡಿಗೆ ಬರಲ್ಲ." ಅವಳು ಹುಡುಕಿದ್ದಳು. ವ್ಯಾಸಲೀನು ಉಂಗುರಗಳನ್ನು ಉಬ್ಬಿಸಿ ಬಸವಳಿದ ಹುಳುಗಳಂತೆ ಮಾಡಿತು. ಯಂತ್ರಕ್ಕೆ ಹಾಕುವ ಹಳದಿ ಗ್ರೀಸ್ ಹಚ್ಚಿ ತಾನೇ ಬಾಯಿಗಿಟ್ಟು ಉಸಿರೆಳೆದರೆ ಸಂಜೆಯ ತನಕ ನಾಲಗೆಯ ಮೇಲೆ ಸೈಕಲ್ ಅಂಗಡಿ. ನಲ್ಲಿಯ ಗ್ರೀಸ್ ಹಚ್ಚಿದ ಉಂಗುರಗಳನ್ನು ಕಿಟಕಿಯ ಬಿಸಿಲಿಗಿಟ್ಟು ದಿನಾ ಚಿವುಟಿ ನೋಡಿದಳು. ರಬ್ಬರು ರಬ್ಬರಾಗಿಯೇ ಉಳಿಯಿತು. ಕುಡಿಯುವ ನೀರಿಗೆ ಆಗುವಂಥದ್ದು ಉಸಿರಿಗೂ ಆದೀತು. ಮಾವ ಅವಳ ಬೆನ್ನು ತಟ್ಟಿದ್ದ. ದುಬಾರಿಯದರ ಟ್ಯೂಬು ಬಿರಿದಿತ್ತು. ಅದನ್ನೂ ಅಂಥದೇ ಇನ್ನೊಂದು ಡಬ್ಬಿಗೆ ತುಂಬಿ, ಅದು ಆಕ್ಸಿಜನ್ನಿಗೆ ಮಾತ್ರ ಎಂದು ಚುಕ್ಕೆ ಇಟ್ಟಳು. ಗುರುತನ್ನು ಡಬ್ಬಿಗೆ ಇಡದೆ ಮುಚ್ಚಳಕ್ಕೆ ಇಟ್ಟಳು. ಯಾಕೆ? ಮುಚ್ಚಳದ ಮೇಲೆ ಚೆನ್ನಾಗಿ ಕಾಣುತ್ತದೆಂದು.

ಫೋನ್ ಮಾಡಿದಳು. ಅಕ್ಕನದು ಸ್ವಿಚ್ ಆಫ್. ಅಕ್ಕನ ಹಗ್ಗ ನೋಡಿಕೊಳ್ಳುವ ಗಡಿಯಾರಣ್ಣನ ಫೋನ್ ಸಿಗಲಿಲ್ಲ. ಕಲ್ಲುಗಣಿಯ ಗುಂಡಿಯೊಳಗೆ ಯಾರ ಫೋನೂ ಸಿಗುವುದಿಲ್ಲ. ಮೂಲೆಯಲ್ಲಿ ಅಕ್ಕನ ಹಳೆಯ ಆಕ್ಸಿಜನ್ ರೆಗ್ಯುಲೇಟರ್ ಬಿಳಿಬಟ್ಟೆಯಡಿ ಬಿಡಿಬಿಡಿಯಾಗಿ ಮಲಗಿತ್ತು, ತೊಳೆದು ಒಣಗಿಸಿದ್ದು, ಗ್ರೀಸ್ ಹಚ್ಚುವುದಷ್ಟೇ ಬಾಕಿ. ಕೈ ತೊಳೆದು ಹೊಸ ಕೈಗವಸು ತೊಟ್ಟು ಭಾರದ ಡಬ್ಬಿಯಿಂದ ತೆಗೆದು ಒಂದೊಂದೇ ಉಂಗುರಕ್ಕೆ ಸವರಿದಳು. ಪ್ರತಿಯೊಂದಕ್ಕೂ ಮೊದಲು ಡಬ್ಬಿಯನ್ನೆತ್ತಿ ತೂಕ ನೋಡಿದಳು. ಬೆರಳುಗಳು ಚುರುಕಾಗಿ, ನಿನ್ನೆಯ ಹಾಗೇ, ಅವಳನ್ನು ಕೇಳದೆ ಕೆಲಸ ಮಾಡುತ್ತಿದ್ದವು. ಅವು ಹೀಗೆ ಮಾಡುವುದೇ ಅವಳಿಗೆ ಹೆಮ್ಮೆಯಾಗಿತ್ತು. ಈಗ ಬೇರೆಯವರ ಮಕ್ಕಳನ್ನು ನೋಡುವಂತೆ ಅವುಗಳನ್ನು ನೋಡಿದಳು.

"ಎಲ್ಲಿಗೇ ಹೊರಟೆ?" ಮಾವ ಕೇಳಿದ.

"ಅಕ್ಕ ಇದನ್ನ ಬಿಟ್ಟು ಹೋಗಿದ್ದಾಳೆ ಮಾವ. ಕೊಟ್ಟು ಬರ್ತೀನಿ."

"ಅವಳು ಬಿಟ್ಟು ಹೋದ್ಲಾ? ತನ್ನ ತಲೆ ಬಿಟ್ಟು ಹೋದಾಳು, ಸಾಮಾನು ಬಿಟ್ಟು ಹೋಗಲ್ಲ." ಮಾವ ಗಿರಾಕಿಯ ಕಡೆ ತಿರುಗಿ ನಕ್ಕ. "ನಮ್ಮ ಇನ್ನೊಬ್ಬ ಸೊಸೆ. ಇವಳು ನೀರಿನ ಹತ್ತಿರ ಹೋಗ್ತಾಳಂತೆ. ಇವತ್ತು ಏನೋ ಆಗುತ್ತೆ ಬಿಡಿ."

ಅವಳೂ ನಕ್ಕಳು. ನಗುವುದು ಅವಳಿಗೆ ರೂಢಿ. ನಿನ್ನೆಯೂ ನಕ್ಕಿದ್ದಳು. ಗಣಿಯಲ್ಲಿ ಮುಳುಗಿದ ಯಂತ್ರವನ್ನು ಎತ್ತಿಸಬೇಕಾಗಿದ್ದ ಗುತ್ತಿಗೆದಾರ ಅಂಗಡಿಗೆ ಬಂದಿದ್ದ. ಅಕ್ಕ ಗಲ್ಲಾಪೆಟ್ಟಿಗೆಯ ಮೇಜಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. "ಇವರೂ ಮುಳುಗ್ತಾರಾ?" ಎಂದು ಅವನು ಒಳಬಾಗಿಲ ಬಳಿಯಿದ್ದ ತಂಗಿಯನ್ನು ತೋರಿಸಿ ಅಕ್ಕನನ್ನು ಕೇಳಿದ. "ಇವಳಾ? ಇವಳು ನಮ್ಮ ಇಲಿ. ಬಕೆಟ್ಟಲ್ಲೂ ಮುಳುಗ್ತಾಳೆ!" ಎಲ್ಲರೂ ನಕ್ಕರು. ಅವಳು ನಗುತ್ತಲೇ ಒಳಗೆ ಬಂದು ಮುಚ್ಚಳ ತೊಳೆಯತೊಡಗಿದಳು. ಈಗ ರಸ್ತೆಯಲ್ಲಿ ನಡೆಯುತ್ತಿರುವಾಗ ಅಕ್ಕನ ಮಾತು ಅಲ್ಲಿಗೇ ನಿಂತಿರಲಿಲ್ಲವೆಂಬುದು ಥಟ್ಟನೆ ಕಿವಿಗೆ ಬಂತು. ಬಾಗಿಲು ದಾಟಿದ ಮೇಲೆ ಹಿಂದಿನಿಂದ ಕೇಳಿತ್ತು: "ಆದ್ರೆ ಕೆಳಗೆ ನಾನು ಎಳ್ಕೊಳ್ಳೋ ಒಂದೊಂದು ಉಸಿರೂ ಇವಳು ಕೊಟ್ಟಿದ್ದು." ಕೇಳಿತ್ತು. ಕೇಳಿದ್ದನ್ನು ನಿನ್ನೆಯಿಂದ ಎಲ್ಲಿ ಇಟ್ಟಿದ್ದಳು?

ಮೊದಲ ಬಸ್ಸನ್ನು ಅವಳು ಬಿಟ್ಟಳು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಯಾರದಾದರೂ ಮೊಣಕೈ ತಗುಲಿ ರೆಗ್ಯುಲೇಟರ್ ಕೆಳಗೆ ಬಿದ್ದರೆ ಎಂದು ತನಗೇ ಹೇಳಿಕೊಂಡಳು. ಬಸ್ಸು ಮುಂದೆ ಹೋದಾಗ ಅದರ ಹಿಂದಿನ ಅರ್ಧ ಖಾಲಿ ಇದ್ದುದು ಗಾಜಿನಲ್ಲಿ ಕಂಡಿತು. ಬಿಸಿಲು ಬಿಳಿಯಾಗಿ ನಿಂತಿತ್ತು. ಎದುರಿನ ಮನೆಯ ಮಹಡಿಯಲ್ಲಿ ಹೆಂಗಸೊಬ್ಬಳು ಒಗೆದ ಬಟ್ಟೆಯನ್ನು ಕೊಡವುತ್ತಲೇ ಇದ್ದಳು, ತಂತಿಗೆ ಹಾಕುತ್ತಿರಲಿಲ್ಲ. ಮುಂದಿನ ಬಸ್ಸು ಬರುವ ತನಕ ಅವಳಿಗೆ ಅಕ್ಕನ ಬಗ್ಗೆ ಯೋಚನೆಯೇ ಬರಲಿಲ್ಲ. ಹತ್ತಿ ಕೂತ ಮೇಲೆ ಅದಕ್ಕಾಗಿಯೇ ಭಯವಾಯಿತು.

ಅಜ್ಜಿ ಒಂದು ಕೊಳದ ಕಥೆ ಹೇಳುತ್ತಿದ್ದಳು. ಅದರ ತಳದಲ್ಲಿ ಒಬ್ಬಳಿದ್ದಾಳೆ. ಇಳಿಯಲು ಬಂದ ದೊಡ್ಡ ಮಗಳನ್ನು ಅವಳು ಕೇಳುತ್ತಾಳೆ: ದಡದಲ್ಲಿ ನಿನ್ನವರು ಯಾರಿದ್ದಾರೆ? ತಂಗಿ ಇದ್ದಾಳೆ. ಹಾಗಾದರೆ ಉಸಿರನ್ನು ಅವಳ ಕೈಯಲ್ಲಿ ಕೊಟ್ಟು ಒಳಗೆ ಬಾ. ಚಿಕ್ಕ ಮಗಳು ಅಕ್ಕನ ಉಸಿರನ್ನು ಮುಷ್ಟಿಯಲ್ಲಿ ಹಿಡಿದು ದಡದಲ್ಲಿ ಕೂರುತ್ತಾಳೆ. ಮೂಗು ತುರಿಸುತ್ತದೆ. ನೊಣ ಬರುತ್ತದೆ. ಮುಷ್ಟಿಯೊಳಗೆ ಅದು ಗುಬ್ಬಿಮರಿಯಂತೆ ಮಿಸುಕುತ್ತದೆ. ಆಮೇಲೆ? ಆಮೇಲಿನದು ದಿನಕ್ಕೊಂದು ಬಗೆ. ಅಕ್ಕ ಅಜ್ಜಿಯ ಕಾಲೊತ್ತಿದ ದಿನ ಚಿಕ್ಕವಳು ಗಟ್ಟಿಯಾಗಿ ಹಿಡಿದೇ ಇರುತ್ತಿದ್ದಳು. ಒತ್ತದ ದಿನ ಅಜ್ಜಿ ಹೊದಿಕೆ ಎಳೆದುಕೊಂಡು, "ಆಮೇಲೇನು, ಮುಷ್ಟಿ ಬಿಚ್ಚಿದಳು," ಎಂದು ಆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. "ಯಾಕಜ್ಜಿ? ಯಾಕೆ ಬಿಚ್ಚಿದ್ಲು?" ಅಕ್ಕ ಅಳುತ್ತ ಅಜ್ಜಿಯನ್ನು ಅಲುಗಿಸುತ್ತಿದ್ದಳು. ಪಕ್ಕದಲ್ಲಿ ಮಲಗಿದ್ದ ಅವಳು ಮಾತ್ರ ಒಂದು ದಿನವೂ ಕೇಳಲಿಲ್ಲ. ಯಾಕೆ ಬಿಚ್ಚಿದಳೆಂದು ಗೊತ್ತಿದ್ದವಳಂತೆ ಕತ್ತಲಲ್ಲಿ ಸುಮ್ಮನೆ ಕಣ್ಣು ಬಿಟ್ಟುಕೊಂಡಿರುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನ ಉಸಿರು ಎಲ್ಲೋ ಒಂದು ಕಡೆ ಸೋರುತ್ತಿತ್ತು. ಬಿಚ್ಚಿ ನೋಡಬೇಕೆನಿಸಿತು.

ಕಲ್ಲುಗಣಿಯ ಗೋಡೆಗಳು ದೈತ್ಯರು ಹತ್ತಿಳಿಯುವ ಮೆಟ್ಟಿಲುಗಳಂತೆ ಕೆಳಗಿಳಿದು ನೀರಿನಲ್ಲಿ ಕೊನೆಯಾಗಿದ್ದವು. ನೀರು ಕಪ್ಪಾಗಿತ್ತು, ಮೇಲೆ ಒಂದು ಸುಕ್ಕೂ ಇರಲಿಲ್ಲ. ಗುತ್ತಿಗೆದಾರ ದೂರದಲ್ಲಿ ಜೀಪಿನೊಳಗೆ ಕೂತಿದ್ದ. ಕಟ್ಟೆಯ ಮೇಲೆ ಗಡಿಯಾರಣ್ಣ. ಒಂದು ನಿಂತರೆ ಇನ್ನೊಂದಿರಲಿ ಎಂದು ಒಂದೇ ಕೈಗೆ ಎರಡು ವಾಚು ಕಟ್ಟುವವನು. ಅಕ್ಕ ಇರಲಿಲ್ಲ. ನೀರಿನ ನಡುವೆ ಗುಳ್ಳೆಗಳು ಏಳುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಏಳುತ್ತಿದ್ದವು.

"ಅಣ್ಣ, ಆಕ್ಸಿಜನ್ ಎಲ್ಲಿ?"

"ಎಲ್ಲಿರುತ್ತೆ? ಹಗ್ಗದಲ್ಲಿ." ಅವನು ಕಣ್ಣಿನಲ್ಲೇ ತೋರಿಸಿದ. ಕಬ್ಬಿಣದ ಗೂಟಕ್ಕೆ ಕಟ್ಟಿದ ಹಗ್ಗ ನೇರ ನೀರಿಗಿಳಿದಿತ್ತು. ಅದರ ತುದಿಯಲ್ಲಿ, ಮೇಲಿನಿಂದ ಕಾಣದಷ್ಟು ಕೆಳಗೆ, ಸಿಲಿಂಡರ್ ವಾಲ್ವ್ ಮುಚ್ಚಿಕೊಂಡು ಕಾಯುತ್ತಿತ್ತು. ಆಳದಿಂದ ಬರುವ ಅಕ್ಕ ಅಲ್ಲಿ ನಿಂತು, ವಾಲ್ವ್ ತಿರುಗಿಸಿ, ಆ ರೆಗ್ಯುಲೇಟರನ್ನು ಬಾಯಿಗಿಟ್ಟುಕೊಂಡು, ರಕ್ತದೊಳಗೆ ಸೇರಿಕೊಂಡ ಒತ್ತಡದ ಗಾಳಿಯನ್ನೆಲ್ಲ ನಿಧಾನಕ್ಕೆ ಹೊರಗೆ ಬಿಟ್ಟು, ಆಮೇಲಷ್ಟೇ ಮೇಲೆ ಬರಬೇಕು.

"ಎಳೀಬೇಕು ಅದನ್ನ."

"ಏನು?"

"ರೆಗ್ಯುಲೇಟರ್ ಬದಲಾಯಿಸ್ಬೇಕು. ಈಗಲೇ. ಎಳೀರಿ ಅಣ್ಣ."

"ಹುಚ್ಚಾ ನಿಂಗೆ? ಅವಳು ಮೇಲೆ ಹೊರಟಾಯ್ತು, ಗುಳ್ಳೆ ನೋಡು ಹೇಗೆ ದೊಡ್ಡದಾಗ್ತಿದೆ. ಬಂದು ಕೈ ಚಾಚಿದಾಗ ಸಿಲಿಂಡರ್ ಇಲ್ಲ ಅಂದ್ರೆ? ಕೀಲು ಕೀಲೂ ಹಿಡ್ಕೊಂಡು ಬಿದ್ದಿರ್ತಾಳೆ, ಜೀವಮಾನ ಪೂರ್ತಿ. ಅವಳ ಉಸಿರನ್ನೇ ಎಳೀತೀನಿ ಅಂತೀಯಲ್ಲಮ್ಮ!"

"ಅದರೊಳಗೆ ತಪ್ಪು ಗ್ರೀಸ್ ಇರಬಹುದು. ನಾನು ಹಚ್ಚಿದ್ದು."

ಗಡಿಯಾರಣ್ಣ ಅವಳ ಮುಖವನ್ನು ನೋಡಿದ. ಜೀಪಿನ ಕಡೆ ನೋಡಿದ. "ಇರಬಹುದಾ? ಇದೆಯಾ?"

"ಗೊತ್ತಿಲ್ಲ."

ಆ ಒಂದು ಶಬ್ದ ಗಣಿಯ ಗೋಡೆಗೆ ತಾಗಿ ತಿರುಗಿ ಬಂತು. ಅವನು ಬೈಯಲಿಲ್ಲ. ಹಗ್ಗಕ್ಕೆ ಕೈ ಹಾಕಿದ. ಇಬ್ಬರೂ ಎಳೆದರು. ಸಿಲಿಂಡರ್ ಕತ್ತಲಿನಿಂದ ಬೆಳ್ಳಗೆ, ಮೀನಿನ ಹೊಟ್ಟೆಯಂತೆ, ಏರಿ ಬಂತು. ನಿನ್ನೆಯ ರೆಗ್ಯುಲೇಟರನ್ನು ತಿರುಗಿಸಿ ತೆಗೆದಳು, ತಂದದ್ದನ್ನು ಕೂರಿಸಿದಳು. ಗುಳ್ಳೆಗಳು ಹಗ್ಗದ ಕಡೆ ಬರುತ್ತಿದ್ದವು, ನೀರಿನೊಳಗೆ ಯಾರೋ ನಡೆದು ಬರುವ ಹಾಗೆ. "ಸರಿ ಸರಿ, ಇಳಿಸು," ಎಂದ ಅವನು. ವಾಲ್ವ್ ತೆರೆದು ನೋಡದೆ ಇಳಿಸುವಂತಿಲ್ಲ. ಭಾರದ ಡಬ್ಬಿಯಿಂದಲೇ ಹಚ್ಚಿದ್ದೇನೆಂದು ಅವಳಿಗೆ ಗೊತ್ತಿತ್ತು, ಪ್ರತಿ ಉಂಗುರಕ್ಕೂ ತೂಕ ನೋಡಿದ್ದಳು. ಆದರೂ ಆ ಗೊತ್ತು ಬೇರೆ ಯಾರೋ ಹೇಳಿದ ಮಾತಿನಂತೆ ದೂರ ನಿಂತಿತ್ತು. "ಹಿಂದೆ ಸರೀರಿ," ಎಂದು ಅವನನ್ನು ಕಳಿಸಿ, ಮುಖ ತಿರುಗಿಸಿ, ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಸುಯ್ ಎಂದಿತು. ಇನ್ನಷ್ಟು ತಿರುಗಿಸಿದಳು. ಆಮೇಲೆ ಬಾಯಿಗಿಟ್ಟುಕೊಂಡು ಎಳೆದಳು. ತಣ್ಣಗೆ, ಒಣಗಿ, ರುಚಿಯಿಲ್ಲದೆ ಒಳಗೆ ಬಂತು. ಅಕ್ಕನದನ್ನು ತಾನು ತೆಗೆದುಕೊಂಡಂತೆ ಅನಿಸಿ ಬೇಗ ಬಿಟ್ಟಳು.

ವಾಲ್ವ್ ಮುಚ್ಚಿ ಮತ್ತೆ ಇಳಿಸಿದರು. ಹಗ್ಗವನ್ನು ಅವಳೇ ಹಿಡಿದುಕೊಂಡಳು. ಗುಳ್ಳೆಗಳು ಹಗ್ಗದ ಬುಡಕ್ಕೆ ಬಂದು ನಿಂತವು, ಆಮೇಲೆ ನಿಂತೇ ಹೋದವು. ನೀರು ನಯವಾಯಿತು. ಹಗ್ಗದಲ್ಲಿ ಒಂದು ನಡುಕ ಬಂದು ಅಂಗೈಗೆ ತಲುಪಿತು. ಕೆಳಗೆ ಯಾರೋ ವಾಲ್ವ್ ತಿರುಗಿಸುತ್ತಿದ್ದರು. ಕಪ್ಪು ನೀರಿನಲ್ಲಿ ಅವಳ ಮುಖ ಕಾಣುತ್ತಿತ್ತು, ಅದರ ಬಾಯಿ ಸ್ವಲ್ಪ ತೆರೆದಿತ್ತು. ಆ ಬಾಯಿಯಿಂದಲೇ ಎಂಬಂತೆ ಗುಳ್ಳೆಗಳ ಗೊಂಚಲೊಂದು ಮೇಲೆ ಬಂದು ಮುಖವನ್ನು ಒಡೆದು ಹಾಕಿತು.

ಮೇಲೆ ಬಂದ ಅಕ್ಕ ಕಟ್ಟೆಗೆ ಮೊಣಕೈಯೂರಿ ಮುಖವಾಡ ಕಿತ್ತಳು. "ಅಯ್ಯೋ, ಇಲಿ ನೀರಿಗೆ ಬಂದಿದೆ! ಯಾರಾದ್ರೂ ಬೆಕ್ಕು ಬಿಟ್ರಾ ಅಂಗಡಿಯಲ್ಲಿ?" ಆಮೇಲೆ, "ಇದು ಹಳೇದಲ್ವೇನೇ? ಹಲ್ಲಿಗೆ ಗೊತ್ತಾಯ್ತು. ಹೊಸದಕ್ಕೆ ಏನಾಯ್ತು?"

ಅವಳು ಹೇಳಿದಳು. ಮುಚ್ಚಳ, ಡಬ್ಬಿ, ಲೋಟದ ನೀರು, ಎಲ್ಲ. ಗಡಿಯಾರಣ್ಣ ಹಗ್ಗ ಸುತ್ತುತ್ತ ದೂರ ಹೋದ. ಅಕ್ಕ ನಿನ್ನೆಯ ರೆಗ್ಯುಲೇಟರನ್ನು ಅವಳ ಕೈಗೆ ಕೊಟ್ಟು, "ಬಿಚ್ಚು," ಎಂದಳು. ಅಲ್ಲೇ ಕಲ್ಲಿನ ಮೇಲೆ ಕೂತು ಬಿಚ್ಚಿದಳು. ಅಕ್ಕ ಒಂದು ಉಂಗುರವನ್ನು ಉಗುರಿನಿಂದ ಕೆರೆದು, ಬಗ್ಗಿ, ಗಣಿಯ ನೀರಿಗೆ ಬೆರಳು ಅದ್ದಿದಳು. ಬಿಳಿಯ ಚೂರು ಬೆರಳು ಬಿಟ್ಟು ಸ್ವಲ್ಪ ದೂರ ಹೋಯಿತು. ಇಬ್ಬರೂ ನೋಡುತ್ತಿದ್ದರು. ಅದು ಮುಳುಗಲಿಲ್ಲ. ಅಷ್ಟು ದೊಡ್ಡ ಕಪ್ಪು ನೀರಿನ ಮೇಲೆ ಅದೊಂದೇ ಬೆಳ್ಳಗೆ ಇತ್ತು.

"ಬೆಳಿಗ್ಗೆ ಇಳಿಯೋ ಮುಂಚೆ ನಾನೇ ತೆರೆದು ನೋಡಿದ್ದೆ," ಎಂದಳು ಅಕ್ಕ. "ಇಲ್ಲೇ ನಿಂತು. ಬಾಯಿಗಿಟ್ಕೊಂಡು ಎಳೆದೂ ನೋಡಿದೆ."

ಬೆಳಿಗ್ಗೆ. ಆಗ ಅವಳು ಕೋಣೆಯ ಕಿಟಕಿ ತೆರೆಯುತ್ತಿದ್ದಳು, ಅಥವಾ ಚಹಾ ಸೋಸುತ್ತಿದ್ದಳು, ಯಾವುದೋ ಹಾಡನ್ನು ಮೂಗಿನಲ್ಲಿ ಗುನುಗುತ್ತಿದ್ದಳು. ಆಗಬೇಕಾದದ್ದು ಆಗಲು ಬಂದು, ಅಕ್ಕನ ಬಾಯಿಯ ತನಕ ಹೋಗಿ, ಏನನ್ನೋ ಯೋಚಿಸಿ ಹಿಂದಿರುಗಿತ್ತು. ಅವಳು ಓಡಿ ಬಂದದ್ದು ಎರಡನೆಯ ಸಲಕ್ಕೆ.

ಅಕ್ಕ ನಕ್ಕಳು. ಒದ್ದೆ ಕೈಯಿಂದ ಅವಳ ತಲೆಗೆ ಮೊಟಕಿ, "ಏನೇ ಇಲಿ, ನನ್ನ ಮೇಲೆ ಅಷ್ಟೊಂದು ಸಿಟ್ಟಾ?" ಎಂದಳು.

ತಮಾಷೆಯ ಮಾತು. ಅವಳು ಕೂಡಲೇ ನಗಬೇಕಿತ್ತು. ಎಲ್ಲದಕ್ಕೂ ಮೊದಲು ಬರುವ ನಗು ಈ ಒಂದು ಸಲ ಎಲ್ಲೋ ಸಿಕ್ಕಿಕೊಂಡಿತು. ಹುಡುಕಿ ಎಳೆದು ತಂದು ಮುಖದ ಮೇಲೆ ಇಡುವಷ್ಟರಲ್ಲಿ ಅಕ್ಕನದು ಮುಗಿದಿತ್ತು. ಅಕ್ಕ ಅವಳನ್ನೇ ನೋಡುತ್ತಿದ್ದಳು, ಆಳ ಅಳೆಯುವವರು ನೀರನ್ನು ನೋಡುವಂತೆ.

"ನಾಳೆ ಇನ್ನೊಂದು ಸಲ ಇಳೀಬೇಕು," ಎಂದಳು ಅಕ್ಕ, ಕಾಲಿನ ಈಜುರೆಕ್ಕೆ ಕಳಚುತ್ತ. "ಸಾಯಂಕಾಲ ಎಲ್ಲ ತೊಳೆದು ಸರಿಯಾದ್ದು ಹಚ್ಚಿಬಿಡು. ನಾನು ಎದುರಿಗೆ ಕೂತಿರ್ತೀನಿ." ಆಮೇಲೆ ಸೇರಿಸಿದಳು: "ಸುಮ್ನೆ."

"ಹೂಂ," ಎಂದಳು ಅವಳು.

ಗಡಿಯಾರಣ್ಣ ವ್ಯಾನು ಓಡಿಸಿದ. ಹಿಂದಿನ ಸೀಟಿನಲ್ಲಿ ಅಕ್ಕ, ಇಳಿದು ಬಂದ ದಿನಗಳಲ್ಲೆಲ್ಲ ಮಾಡುವಂತೆ, ಅವಳ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು. ಕೂದಲಿನಿಂದ ಕಲ್ಲಿನ, ತಣ್ಣಗಿನ ವಾಸನೆ ಬರುತ್ತಿತ್ತು. ಒಂದೇ ಹಾಸಿಗೆಯಲ್ಲಿ, ಒಂದೇ ಹೊದಿಕೆಯಡಿ ಬೆಳೆದವರು ಅವರು. ಅಕ್ಕನ ನಿದ್ದೆಯ ಉಸಿರು ಹೇಗಿರುತ್ತದೆಂದು ಅವಳಿಗೆ ಗೊತ್ತು: ಒಳಗೆ ಎಳೆದುಕೊಂಡು, ಒಂದು ಕ್ಷಣ ಮರೆತು, ಆಮೇಲೆ ನೆನಪಾದಂತೆ ಬಿಡುವುದು. ಅವಳು ಆ ಮರೆವಿಗಾಗಿ ಕಾದಳು. ಊರು ಬಂತು, ಅಂಗಡಿ ಸಾಲು ಬಂತು, ಗಾಡಿ ಹಳ್ಳಕ್ಕೆ ಬಿದ್ದು ಎದ್ದಿತು. ಕತ್ತಿನ ಮೇಲೆ ಉಸಿರು ಒಂದೇ ಸಮ ಬರುತ್ತಿತ್ತು, ಹೋಗುತ್ತಿತ್ತು, ಎಲ್ಲಿಯೂ ಮರೆಯುತ್ತಿರಲಿಲ್ಲ. ಅವಳು ಹೆಗಲನ್ನು ಅಲುಗಿಸಲಿಲ್ಲ. ಅಕ್ಕನೂ ಕಣ್ಣು ತೆರೆಯಲಿಲ್ಲ.